ಘಮ ಬಾರದ ಬಳ್ಳಿ

ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಗೆ ತಾಗಿಕೊಂಡೇ, ಲೋಟದ ನೀರಿನಲ್ಲಿ ಕರಿಯ ಕಾಳುಗಳು ನೆನೆಯುತ್ತಿದ್ದವು. ಸೊಸೆ ಉಗುರುಕತ್ತರಿ ಹಿಡಿದು, ಉಳಿದ ಕಾಳುಗಳ ಸಿಪ್ಪೆಯನ್ನು ಒಂದೊಂದಾಗಿ ಚೂರೇ ಚೂರು ಸೀಳಿ ಅದೇ ಲೋಟಕ್ಕೆ ಹಾಕುತ್ತಿದ್ದಳು.

"ಏನಮ್ಮಾ ಅದು, ಇಷ್ಟು ಭಕ್ತಿಯಿಂದ?" ಬಾಗಿಲಲ್ಲೇ ನಿಂತು ಅತ್ತೆ ಕೇಳಿದರು.

"ಸ್ವೀಟ್ ಪೀ ಹೂವಿನ ಬೀಜ ಅತ್ತೆ, ಬಟಾಣಿ ಥರದ್ದೇ ಬಳ್ಳಿ. ಅಮ್ಮ ವರ್ಷವರ್ಷವೂ ತೆಗೆದಿಡ್ತಿದ್ರು, ಅವರಮ್ಮನ ಕಾಲದ್ದು. ಅಂಗಡೀದಕ್ಕೆ ಬಣ್ಣ ಇರತ್ತೆ, ಈ ಘಮ ಇರಲ್ಲ. ಅಮ್ಮನೂ ಹೋದ್ರು, ಆ ಮನೆಯೂ ಮಾರಿಹೋಯ್ತು. ಉಳಿದಿರೋದು ಇಷ್ಟೇ."

"ಕಾಳು ತಿನ್ನಬಹುದಾ?"

"ಅಯ್ಯೋ, ಬಾಯಿಗೆ ಹಾಕ್ಕೊಂಡುಬಿಟ್ಟೀರಿ! ವಿಷ ಅದು," ಎಂದು ಸೊಸೆ ನಕ್ಕಳು.

ಆ ನಗು ಅತ್ತೆಯ ಎದೆಯಲ್ಲಿ ಮುಳ್ಳಾಗಿ ಕೂತಿತು. ನಗುನಗುತ್ತ ವಿಷವುಣಿಸಿದವರ ಕಥೆಗಳನ್ನು ಅವರು ಕೇಳದವರೇನಲ್ಲ. ವಿಷವಾದರೆ ಉಪ್ಪಿನ ಪಕ್ಕಕ್ಕೆ ಯಾಕೆ ಬಂತು? ಅಡುಗೆ ಸಪ್ಪೆಯೆಂದು ಮೊನ್ನೆ ತಾವು ಮಗನ ಮುಂದೆಯೇ ಆಡಿಕೊಂಡಾಗ ಇವಳು ತುಟಿಪಿಟಕ್ಕೆನ್ನದೆ ಇದ್ದಳಲ್ಲ, ಅದರ ಮರ್ಮ ಇದೇನಾ? ಬಳ್ಳಿ ಕಾಯಿ ಬಿಟ್ಟರೆ ಬೊಗಸೆ ತುಂಬ ವಿಷ!

ಮರುದಿನ ಸೊಸೆ ಬೀಜಗಳನ್ನು ಕಿಟಕಿಯ ಕೆಳಗಿನ ಕುಂಡಗಳಲ್ಲಿ ಊರಿ ಕೆಲಸಕ್ಕೆ ಹೊರಟಳು. ಗೇಟಿನ ಸದ್ದು ಅಡಗಿದ್ದೇ ತಡ, ಅತ್ತೆ ಚಮಚ ಹಿಡಿದು ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದನ್ನೂ ಬಿಡದೆ ಹೆಕ್ಕಿ, ಕುದಿಯುವ ನೀರಿಗೆ ಹಾಕಿ, ಮೋರಿಗೆ ಸುರಿದರು. ಏನೂ ಮೊಳೆಯದಿದ್ದರೆ ಅನುಮಾನ ತಮ್ಮ ಮೇಲೇ ಬರುವುದಲ್ಲ? ತಮ್ಮ ಡಬ್ಬಿಯಿಂದ ಒಣಬಟಾಣಿ ತಂದು ಅದೇ ಗುಳಿಗಳಲ್ಲಿ ಊರಿ, ಮಣ್ಣು ಸವರಿ, ದೇವರೇ ಕಾಪಾಡಿದ ಎಂದುಕೊಂಡು ಕೈ ತೊಳೆದರು.

ಮೊಳಕೆ ಬಂತು. ಸೊಸೆ ಕಡ್ಡಿ ನೆಟ್ಟಳು, ದಾರ ಕಟ್ಟಿದಳು, ಬಸವನಹುಳು ಆರಿಸಿದಳು. "ಅಮ್ಮನ ಬಳ್ಳೀದು ಇಷ್ಟು ಅಗಲದ ಎಲೆ ಅಲ್ಲ, ಅನ್ಸತ್ತೆ," ಎಂದಳು ಒಮ್ಮೆ.

"ಮಣ್ಣು ಬೇರೆ ಅಲ್ವೇನಮ್ಮಾ," ಎಂದರು ಅತ್ತೆ, ಅವಳ ಮುಖ ನೋಡದೆ.

ಹೂ ಅರಳಿತು, ಬೆಳ್ಳಗೆ, ಪುಟ್ಟದಾಗಿ. ಸೊಸೆ ಬಗ್ಗಿ ಮೂಗಿಟ್ಟಳು. ಇನ್ನೊಂದಕ್ಕೆ ಇಟ್ಟಳು. ಅರಳಿದ್ದನ್ನೆಲ್ಲ ಮೂಸಿ ಮುಗಿಸಿ, ಅಗಲದ ಎಲೆಯೊಂದನ್ನು ತಿರುವಿ ನೋಡಿದಳು. ಈಗ ಕೂಗಾಡುತ್ತಾಳೆ, ಮಗನಿಗೆ ಚಾಡಿ ಹೇಳುತ್ತಾಳೆ ಎಂದು ಅತ್ತೆ ಪರದೆಯ ಹಿಂದೆ ಮೈಯೆಲ್ಲ ಕಿವಿಯಾಗಿ ನಿಂತರು. ಅವಳು ಒಳಗೆ ಬಂದು, ಕೈಕಾಲು ತೊಳೆದು, ಎಲ್ಲರಿಗೂ ಬಡಿಸಿದಳು, ಅಷ್ಟೇ. ಅತ್ತೆ ತಟ್ಟೆಯ ಅನ್ನವನ್ನು ಕೆದಕಿ ಕೆದಕಿ ನೋಡಿದರು. ಜಗಳಕ್ಕೆ ಬರುವವಳನ್ನಾದರೂ ನಂಬಬಹುದು, ಬಾರದವಳನ್ನು ನಂಬುವುದು ಹೇಗೆ?

ಆಮೇಲೂ ಅವಳು ನೀರು ಹಾಕುವುದನ್ನು ಬಿಡಲಿಲ್ಲ. ಕಾಯಿ ತುಂಬಿದ ಮೇಲೆ ಒಂದು ಭಾನುವಾರ ಕಾಳು ಬಿಡಿಸಿ, ಬೇಯಿಸಿ, ಮೆಣಸು ಉದುರಿಸಿ, ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ತಂದಿಟ್ಟಳು.

"ನಮ್ಮ ಕುಂಡದ್ದಾ? ಹೂವಿನ ಗಿಡ ಅಂದಿದ್ಯಲ್ಲ?" ಮಗ ಆಗಲೇ ಬಾಯಿ ತುಂಬಿಕೊಂಡಿದ್ದ. "ಸಕ್ಕರೆ ಕಣಮ್ಮಾ! ತಿನ್ನು."

ಅದು ಬರೀ ಬಟಾಣಿಯೆಂದು ಅತ್ತೆಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಚಮಚ ಬಟ್ಟಲಿನ ಅಂಚಿನಲ್ಲೇ ನಿಂತಿತು. ಆ ಕರಿಯ ಕಾಳು ಇವಳ ಬಳಿ ಇನ್ನೂ ಇದ್ದರೆ? ಒಂದೇ ಪಾತ್ರೆಯಲ್ಲಿ ತಂದಿಡದೆ ಬಟ್ಟಲು ಬಟ್ಟಲು ಬೇರೆ ಮಾಡಿದ್ದು ಯಾಕೆ? ಅವರ ಕಣ್ಣು ಮಗನ ಬಟ್ಟಲಿಗೂ ತಮ್ಮ ಬಟ್ಟಲಿಗೂ ಓಡಾಡಿತು.

ಸೊಸೆ ಅದನ್ನು ನೋಡಿದಳು. ತನ್ನ ಬಟ್ಟಲನ್ನು ಅವರ ಕಡೆ ಸರಿಸಿ, ಅವರದನ್ನು ತನ್ನ ಮುಂದಕ್ಕೆ ಎಳೆದುಕೊಂಡು, ಒಂದು ಚಮಚ ಬಾಯಿಗಿಟ್ಟಳು.

"ತಿನ್ನಿ ಅತ್ತೆ," ಎಂದಳು ಮೆಲ್ಲಗೆ. "ಇದರಲ್ಲಿ ನಂದೇನೂ ಉಳಿದಿಲ್ಲ. ಎಲ್ಲಾ ನಿಮ್ಮ ಬಟಾಣಿ ಡಬ್ಬೀದೇ."