ಒಂದೇ ಕೈಯ ಗಾಡಿ

ಬ್ರೇಕ್ ಪೈಪಿನ ನಟ್ಟಿನ ಮೇಲೆ ಸ್ಪ್ಯಾನರ್ ಕೂತಿತ್ತು. ನಟ್ಟಿನ ಅಂಚಿನಲ್ಲಿ ಎಣ್ಣೆ ಜಿನುಗಿತ್ತು. ಅರ್ಧ ಸುತ್ತು ಸಡಿಲಿಸಿದರೆ ಸಾಕು. ಕಾರಿನ ಕೆಳಗೆ ಮಲಗಿದ್ದ ಶಂಕರನಾರಾಯಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದೊಂದು ಸಲ ಪೆಡಲ್ ಒತ್ತಿದಾಗಲೂ ಒಂದಿಷ್ಟು ಎಣ್ಣೆ ಸೋರುತ್ತದೆ. ತಿ. ನರಸೀಪುರದ ಸೇತುವೆ ಬರುವ ಹೊತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ ದ್ರವದ ಒತ್ತಡದ ಪಾಠ ಇಂಥ ಕೆಲಸಕ್ಕೆ ಒದಗೀತೆಂದು ಅವನು ಎಣಿಸಿರಲಿಲ್ಲ.

"ಏನ್ ಸಾಮಿ, ಅಲ್ಲೇ ನಿದ್ದೆ ಒಡೀತಿದ್ದೀರಾ?" ಮೇಲಿನಿಂದ ಚಿಕ್ಕಬಸಪ್ಪನ ದನಿ ಬಂತು.

"ಒಂದು ನಿಮಿಷ. ನಿಮ್ಮ ಪ್ರಾಣದ ವಿಚಾರ ಅಲ್ವೇ."

ಸ್ಪ್ಯಾನರ್ ತಿರುಗಿತು.

ಎರಡು ವರ್ಷದ ಹಿಂದೆ, ಎಂಬತ್ತಾರರಲ್ಲಿ, ಸೋಮನಾಥಪುರದ ಶಾಲೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಅವನ ತಂಗಿ ಅಲಮೇಲುವನ್ನು ಇದೇ ಕಾಂಟೆಸಾ ಕಾರು ಹೊಡೆದು ಹೋಗಿತ್ತು. ಆಸ್ಪತ್ರೆಯಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಸ್ಟೀರಿಂಗ್ ಹಿಡಿದ ಕೈಲಿ ಚಿನ್ನದ ಪಟ್ಟಿಯ ವಾಚಿತ್ತು, ಅಣ್ಣಯ್ಯ." ಅದನ್ನು ಬರೆದುಕೊಳ್ಳುವವರು ಬರುವ ಮೊದಲೇ ಅವಳ ಉಸಿರು ನಿಂತಿತ್ತು. ಕಾರಿನ ಮಾಲೀಕ ನರಸೀಪುರದ ಅಕ್ಕಿ ಮಿಲ್ಲಿನ ಚಿಕ್ಕಬಸಪ್ಪ. ಓಡಿಸಿದ್ದು ತಾನೇ ಎಂದು ಹೇಳಿ ಜೈಲಿಗೆ ಹೋದವನು ಮಾತ್ರ ಮಿಲ್ಲಿನ ಲಾರಿ ಡ್ರೈವರ್ ಜವರಯ್ಯ. ಅವನ ಮಗನಿಗೆ ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ ಕೊಡಿಸುವ ಮಾತಾಗಿತ್ತಂತೆ. ಆ ಕೆಲಸ ಇವತ್ತಿಗೂ ಸಿಕ್ಕಿರಲಿಲ್ಲ. ಕೋರ್ಟಿನ ಕೊನೆಯ ಬೆಂಚಿನಲ್ಲಿ ಕೂತಿದ್ದ ಶಂಕರನಾರಾಯಣನತ್ತ ಚಿಕ್ಕಬಸಪ್ಪ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಹಾಗಾಗಿ ಈಗ ಗುರುತೂ ಹತ್ತಲಿಲ್ಲ. ನಂಜನಗೂಡಿನ ಸುತ್ತ ಹಳೆ ಕಾರು ಕೈ ಬದಲಾಯಿಸಬೇಕಾದರೆ ಶಂಕರನಾರಾಯಣನ ಚೀಟಿ ಬೇಕು. ಹನ್ನೆರಡು ವರ್ಷದಿಂದ ಅವನದು ಒಂದೇ ಕ್ರಮ: ಗಾಡಿಯ ಸ್ಥಿತಿಯನ್ನು ಅವನು ಬರೆಯುತ್ತಾನೆ, ಅದರ ಚರಿತ್ರೆಯನ್ನು ಮಾಲೀಕನೇ ಸ್ವಂತ ಅಕ್ಷರದಲ್ಲಿ ಬರೆದು ರುಜು ಹಾಕಬೇಕು. ಆ ಚೀಟಿಗಾಗಿ ಚಿಕ್ಕಬಸಪ್ಪ ತಾನಾಗಿ ಕಾರು ತಂದು ಗ್ಯಾರೇಜಿನ ಬಾಗಿಲಲ್ಲಿ ನಿಲ್ಲಿಸಿದ್ದ.

"ಈಗ ಏಳಿ ಸಾಮಿ. ಅಳೇದ್ನೇ ಮಡಿಕಳ್ಳಾನಾ, ಒಸ ಕಾಂಟೆಸಾ ತಕ್ಕಳಾನಾ?"

ಶಂಕರನಾರಾಯಣ ಎದ್ದು ಕೈ ಒರೆಸಿಕೊಂಡು ನೋಟ್‌ಬುಕ್ ತೆರೆದ. ಎಡಗಡೆಗೆ ಹಳೆಯದು, ಎಂಬತ್ತನಾಲ್ಕರದು: ನಾಲ್ಕು ಗೇರು, ಸೋಫಾದಂಥ ಸೀಟು, ಏರು ರಸ್ತೆಯಲ್ಲಿ ತಾಳ್ಮೆ ಬೇಡುವ ಎಂಜಿನ್. ಬಲಗಡೆಗೆ ಹೊಸದು, ನಿನ್ನೆ ಮೈಸೂರಿನಲ್ಲಿ ಓಡಿಸಿ ನೋಡಿದ್ದು: ಜಪಾನಿ ಎಂಜಿನ್, ಐದು ಗೇರು, ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಮೈ ಅದೇ, ಉಸಿರು ಬೇರೆ.

"ನಿಮಗೆ ಹೊಸದೇ ಸರಿ. ಹಿಂದೆ ತಿರುಗಿ ನೋಡದೆ ಓಡಿಸೋರಿಗೆ ಹೇಳಿ ಮಾಡಿಸಿದ ಗಾಡಿ." ಸ್ಟೂಲಿನ ಮೇಲೆ ಕೂತಿದ್ದವರತ್ತ ಕೈ ತೋರಿಸಿದ. "ಹಳೇದಕ್ಕೆ ಇವರಿದ್ದಾರಲ್ಲ, ಮೈಸೂರಿನ ಸೀತಾರಾಮ್. ನಿಮ್ಮ ಗಾಡಿ ಮೇಲೆ ಇವರಿಗೆ ಬಹಳ ದಿನದಿಂದ ಕಣ್ಣು."

ಬಿಳಿ ಶರ್ಟು, ಬಿಳಿ ಪ್ಯಾಂಟಿನ ಸೀತಾರಾಮ ತಲೆಯಾಡಿಸಿದರು. ತೊಡೆಯ ಮೇಲೆ ಚರ್ಮದ ಬ್ಯಾಗಿತ್ತು. ಬಂದು ಒಂದು ಗಂಟೆಯಾಗಿದ್ದರೂ ಅವರು ಬಾನೆಟ್ ಎತ್ತಿಸಿರಲಿಲ್ಲ, ಕೀ ಕೇಳಿರಲಿಲ್ಲ.

ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಶಂಕರನಾರಾಯಣ ಕಾರಿನ ಮೈಮೇಲೆ ಸರಿಸುತ್ತ ಹೋದ. ಬಾನೆಟ್ಟಿಗೆ ಅಂಟಿತು. ಬಾಗಿಲಿಗೆ ಅಂಟಿತು. ಎಡಗಡೆಯ ಮಡ್ಗಾರ್ಡಿನ ಮೇಲೆ ಒಂದು ಗೇಣು ಜಾಗದಲ್ಲಿ ಹಿಡಿತವಿಲ್ಲದೆ ಕೈಗೆ ಕಳಚಿ ಬಂತು. ತಗ್ಗಿದ ತಗಡಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಅಲಮೇಲುವಿನ ಎತ್ತರದವರಿಗೆ ಅದು ಸೊಂಟದ ಮಟ್ಟ. ಅವನು ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಪೆಟ್ಟು ತಿಂದ ಗಾಡಿ," ಎಂದು ಸೀತಾರಾಮ ಎದ್ದು ನಿಂತರು. "ಡ್ರೈವರ್ ಕೈಗೆ ಕೊಟ್ಟರೆ ಹೀಗೇ. ನನಗೆ ಬೇಡ."

"ಕುಂತ್ಕಳಿ ಸಾ." ಚಿಕ್ಕಬಸಪ್ಪ ನಕ್ಕ. "ಅದು ಮಿಲ್ ಗೇಟ್‌ಗೆ ತಾಕಿದ್ದು. ಡ್ರೈವರ್ ಗೀವರ್ ಯಾರ್ನೂವೆ ಇದರತ್ರ ಸೇರಿಸ್ನಿಲ್ಲ. ಅವರೇನಿದ್ರೂ ಲಾರಿಗೆ. ಒಂದೇ ಕೈ ಗಾಡಿ ಕಣ್ರೀ. ನನ್ನ ಕುಂಡಿ ಬುಟ್ರೆ ಇನ್ನೊಬ್ಬನ ಕುಂಡಿ ಆ ಸೀಟ್ ಕಂಡಿಲ್ಲ."

"ಮಾರೋರೆಲ್ಲ ಹಾಗೇ ಅಂತಾರೆ."

"ಬರಕೊಡ್ತೀನಿ, ತತ್ತಾ ಪೆನ್ನ."

ಚಿಕ್ಕಬಸಪ್ಪ ಮೇಜಿನ ಮೇಲೆ ಬಾಗಿ ದಪ್ಪ ಅಕ್ಷರಗಳಲ್ಲಿ ಬರೆದ: 'ಕೊಂಡ ದಿನದಿಂದ ಈವತ್ತಿನವರೆಗೆ ಈ ಗಾಡಿಯನ್ನು ನಾನೊಬ್ಬನೇ ಓಡಿಸಿರುತ್ತೇನೆ. ಬೇರೆ ಯಾರೂ ಮುಟ್ಟಿರುವುದಿಲ್ಲ.' ರುಜು ಹಾಕುವಾಗ ಚಿನ್ನದ ಪಟ್ಟಿಯ ವಾಚು ಮೇಜಿನ ಅಂಚಿಗೆ ತಾಗಿ ಸದ್ದಾಯಿತು.

ಸೀತಾರಾಮ ಚೀಟಿಯನ್ನು ಎರಡು ಸಲ ಓದಿ, ತಾವೂ ಕೆಳಗೆ ರುಜು ಹಾಕಿ, ಬ್ಯಾಗಿನೊಳಗೆ ಇಟ್ಟುಕೊಂಡರು. "ಸೋಮವಾರ ಮೈಸೂರಲ್ಲಿ ಮಾತಾಡೋಣ. ಮುಂದೆ ನೀವೂ ಬರಬೇಕಾಗುತ್ತೆ."

"ಬತ್ತೀನಿ ಸಾ. ಒಸ ಗಾಡೀಲೇ ಬತ್ತೀನಿ."

ಚಿಕ್ಕಬಸಪ್ಪನ ಕಾಂಟೆಸಾ ನರಸೀಪುರದ ದಾರಿ ಹಿಡಿಯಿತು. ಶಂಕರನಾರಾಯಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಅವನ ಕೈಯಲ್ಲಿ ಸ್ಪ್ಯಾನರ್ ಇನ್ನೂ ಇತ್ತು. ಕಾರು ವೇಗ ಹೆಚ್ಚಿಸಿತು. ತಿರುವಿನಲ್ಲಿ ಕುರಿಮಂದೆಯೊಂದು ರಸ್ತೆಗೆ ಇಳಿಯಿತು. ಪಕ್ಕದಲ್ಲಿ ನಿಂತಿದ್ದ ಸೀತಾರಾಮ ಬ್ಯಾಗನ್ನು ಎದೆಗೆ ಒತ್ತಿಕೊಂಡರು.

ಕಾರಿನ ಹಿಂದಿನ ಕೆಂಪು ದೀಪ ಹೊತ್ತಿತು. ಕಾರು ಮಂದೆಗೆ ಮಾರು ದೂರದಲ್ಲಿ ಗಕ್ಕನೆ ನಿಂತಿತು.

"ಅಬ್ಬ," ಎಂದರು ಸೀತಾರಾಮ. "ನೀವು ಕೆಳಗೆ ಮಲಗಿದ್ದಾಗ ಬ್ರೇಕಿಗೆ ಕೈ ಹಾಕಿಬಿಟ್ಟಿರೇನೋ ಅಂತ ಹೆದರಿದ್ದೆ."

"ಹಾಕಿದೆ. ನಟ್ಟು ಸಡಿಲ ಇತ್ತು, ಬಿಗಿ ಮಾಡಿದೆ. ಜವರಯ್ಯನ ಅಪೀಲಿನಲ್ಲಿ ಕಟಕಟೆ ಹತ್ತೋಕೆ ಅವನು ಬದುಕಿರಬೇಕಲ್ಲ, ವಕೀಲರೇ."