ಬಾಟಲಿಯೊಳಗಿನ ಚೀಟಿ

"ಅಕ್ಕಾ, ಈ ಚೀಟೀಲಿ ಏನೂ ಬರೆದಿಲ್ವಲ್ಲ," ಎಂದಳು ಮೊದಲ ಬೆಂಚಿನ ಹುಡುಗಿ. ಕೀಟ ಹಾಕಿದ ಬಾಟಲಿಯೊಳಗೆ ಚೀಟಿ ಹೇಗಿರಬೇಕೆಂದು ತೋರಿಸಲು ಸಂಶೋಧಕಿ ತನ್ನದೇ ಬಾಟಲಿಯೊಂದನ್ನು ಬೀರುವಿನಿಂದ ತೆಗೆದು ಕೊಟ್ಟಿದ್ದಳು. ಈಗ ಅದನ್ನು ಹುಡುಗಿಯಿಂದ ಇಸಿದುಕೊಂಡು ಬೆಳಕಿಗೆ ಹಿಡಿದಳು. ಹೊಳೆಯ ಕೀಟ ಹಾಗೇ ಇತ್ತು. ಚೀಟಿ ಖಾಲಿಯಾಗಿತ್ತು; ಕೀಟ ಕೆಡದಿರಲೆಂದು ತುಂಬಿದ್ದ ಸ್ಪಿರಿಟ್ಟು ತೆಳು ನೇರಳೆಗೆ ತಿರುಗಿತ್ತು.

ಬೀರುವಿನ ಬಾಗಿಲು ಪೂರ್ತಿ ತೆರೆದಳು. ಮೂರು ವರ್ಷದ ಇನ್ನೂರ ನಲವತ್ತು ಬಾಟಲಿ, ಎಲ್ಲವೂ ನೇರಳೆ. ಯಾವುದು ಹೊಳೆಯ ಯಾವ ತಿರುವಿನದು, ಯಾವ ತಿಂಗಳಿನದು ಎಂದು ಹೇಳಲು ಇದ್ದದ್ದು ಆ ಚೀಟಿಯೊಂದೇ. ಮತ್ತೆ ಹೋಗಿ ಹಿಡಿಯೋಣವೆಂದರೆ ಹೊಳೆಯೇ ಇಲ್ಲ. ಹೋದ ವರ್ಷ ಅದನ್ನು ಕೊಳವೆಗೆ ತಿರುಗಿಸಿ ಮೇಲೆ ರಸ್ತೆ ಹಾಕಿದ್ದರು. ಪೆನ್ಸಿಲ್ಲಿನಲ್ಲೇ ಬರಿ ಎಂದು ಸಂಶೋಧನೆಗೆ ಮಾರ್ಗದರ್ಶಿಯಾಗಿದ್ದ ಮೇಡಂ ಮೊದಲ ದಿನವೇ ಹೇಳಿದ್ದರು. ಅಕ್ಷರ ಮುತ್ತಿನಂತೆ ಕಾಣಲಿ ಎಂದು ಇವಳು ಅಪ್ಪ ಕೊಟ್ಟ ನೇರಳೆ ಶಾಯಿಯ ಪೆನ್ನು ಹಿಡಿದಿದ್ದಳು. ಅಳಿಯುತ್ತದೇನೋ ಎಂದು ನಲ್ಲಿಯ ಕೆಳಗೆ ಹಿಡಿದು ನೋಡಿದ್ದಳು ಕೂಡ. ನೀರಿಗೆ ಅಳಿದಿರಲಿಲ್ಲ. ಸ್ಪಿರಿಟ್ಟಿಗೆ ಹಾಕಿ ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಮೊಮ್ಮಗಳನ್ನು ಕಂಡು, "ಹೊಳೇಲಿ ಹುಣಸೆಹಣ್ಣು ತೊಳೀತಿದ್ದೀಯೇನೇ?" ಎಂದು ಅಜ್ಜಿ ನಗಾಡಿದ್ದು ನೆನಪಾಯಿತು.

ಕರಿಹಲಗೆಯ ಮೇಲೆ ಮೇಡಂ ಬರೆದಿಟ್ಟಿದ್ದ ಸೂಚನೆಯನ್ನು ಓದಿಕೊಂಡು ಹಿಂದಿನ ಬೆಂಚಿನವನೊಬ್ಬ ಕೇಳಿದ: "ಪೆನ್ಸಿಲ್ಲೇ ಬೇಕಾ ಅಕ್ಕಾ? ಪೆನ್ನಲ್ಲಿ ಬರೆದ್ರೆ ಏನಾಗುತ್ತೆ?"

"ಹೀಗಾಗುತ್ತೆ," ಎಂದು ಅವಳು ಬಾಟಲಿಯನ್ನು ಮೊದಲ ಬೆಂಚಿಗೆ ಕೊಟ್ಟಳು. ಎಲ್ಲರ ಕೈ ದಾಟಿ ಅದು ತಿರುಗಿ ಬಂದಾಗ, ಇಸಿದುಕೊಳ್ಳಲು ಅವಳ ಕೈ ಏಳಲಿಲ್ಲ.