ಹೊರಗೆ ಬಿಟ್ಟು ಬಂದದ್ದು

ಮಕ್ಕಳ ಆಸ್ಪತ್ರೆಯ ಓಪಿಡಿಯಲ್ಲಿ ಎರಡು ತೂಕದ ಯಂತ್ರಗಳಿದ್ದವು. ಒಂದು ಮಗುವಿಗೆ, ಇನ್ನೊಂದು ಮಗುವಿನ ಜೊತೆ ನಡೆದು ಬರುವ ಅದರ ಭಯಕ್ಕೆ. ಎರಡೂ ತೂಕ ಬರೆಯದೆ ಚೀಟಿ ಡಾಕ್ಟರ ಮೇಜಿಗೆ ಹೋಗುತ್ತಿರಲಿಲ್ಲ.

ಕೆಮ್ಮೆಂದು ಬಂದಿದ್ದ ಏಳು ವರ್ಷದ ಹಂಸಿನಿ ಹದಿನೆಂಟು ಕೆಜಿ ತೂಗಿದಳು. ಎರಡನೆಯ ಯಂತ್ರ ಖಾಲಿಯೇ ಇತ್ತು.

"ನಿನ್ ಭಯ ಎಲ್ಲಮ್ಮಾ?" ಎಂದು ಸ್ಟೆಲ್ಲಾ ಸಿಸ್ಟರ್ ಕೇಳಿದರು.

"ಅವಳಿಗೆ ಭಯಗಿಯ ಏನೂ ಇಲ್ಲ ಸಿಸ್ಟರ್, ಬರೀ ಕೆಮ್ಮು," ಎಂದಳು ತಾಯಿ ರೇಣುಕಾ.

"ಚಪ್ಪಲಿ ಹತ್ರ ಬಿಟ್ಟು ಬಾ ಅಂತ ಅಮ್ಮನೇ ಹೇಳಿದ್ದು," ಎಂದಳು ಹಂಸಿನಿ.

ಇಂಥವು ದಿನಕ್ಕೆ ನಾಲ್ಕಾದರೂ ಬರುತ್ತಿದ್ದವು. ಸಿಸ್ಟರ್ ಬೈಯಲಿಲ್ಲ. "ಹೋಗಿ ಕರ್ಕೊಂಡು ಬಾ ಪುಟ್ಟಿ," ಎಂದರು.

ಹುಡುಗಿ ತನ್ನ ಭಯದ ಕೈ ಹಿಡಿದು ಒಳಗೆ ಕರೆತಂದಳು. ಅದು ಅವಳಿಗಿಂತ ಒಂದು ಗೇಣು ಎತ್ತರವಿತ್ತು. ಒಂದು ಕಾಲು ಬರಿಗಾಲು, ಇನ್ನೊಂದರಲ್ಲಿ ಗಂಡಸರ ದೊಡ್ಡ ಚಪ್ಪಲಿ. ಯಂತ್ರ ಇಪ್ಪತ್ತಾರು ತೋರಿಸಿತು.

"ಚಪ್ಪಲಿ ಯಾರದು?"

"ಅಪ್ಪಂದು."

ಸಿಸ್ಟರ್ ಬರೆದುಕೊಂಡರು. "ಜೊತೇದು ಎಲ್ಲಿ?"

ಹಂಸಿನಿ ಅಮ್ಮನ ಮುಖ ನೋಡಿದಳು. ರೇಣುಕಾ ಬಾಗಿಲ ಕಡೆ ನೋಡಿದಳು.

"ನನ್ ಭಯಾನೂ ಹೊರಗೇ ನಿಂತಿದೆ ಸಿಸ್ಟರ್," ಎಂದಳು. "ಇನ್ನೊಂದು ಚಪ್ಪಲಿ ಅದರ ಕಾಲಲ್ಲಿದೆ."